ಜೊತೆಗೆ ನಡೆದ ಹೆಂಗಸರು

ಹಿಪ್ಪರಗಿ ಬ್ಯಾರೇಜು ಎಂದೊಡನೆ ಕೃಷ್ಣೆ, ಕಬ್ಬು, ಸಕ್ಕರೆ ಕಾರ್ಖಾನೆ ನೆನಪಾಗುತ್ತವೆ. ಇದೇ ಜಮಖಂಡಿ, ಮುಧೋಳ, ಬೀಳಗಿಯ ಸೀಮೆಗೆ ಎರಡು ದಶಕದ ಹಿಂದೆ ದೊಡ್ಡ ಸಂಕಟ ಬಂದಿತ್ತು. 2003ರ ಸಮೀಕ್ಷೆಯಲ್ಲಿ ಬಾಗಲಕೋಟೆ ಜಿಲ್ಲೆಯ ವಯಸ್ಕರಲ್ಲಿ ನೂರಕ್ಕೆ ಹೆಚ್ಚುಕಡಿಮೆ 3 ಮಂದಿಗೆ ಎಚ್‌ಐವಿ ಸೋಂಕು ಕಂಡಿತು. ಪಟ್ಟಣದ ಕಾಯಿಲೆ ಎಂದುಕೊಂಡದ್ದು ಹಳ್ಳಿಯ ಮನೆಯೊಳಗೇ ಇತ್ತು.

ಅದಕ್ಕೆ ಕಾರಣಗಳಿದ್ದವು. ಬಡತನವಿತ್ತು, ದುಡಿಮೆಗೆ ಮಹಾರಾಷ್ಟ್ರಕ್ಕೆ ಹೋಗುವ ಅನಿವಾರ್ಯತೆಯಿತ್ತು. ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿತ್ತು, ನಿಜ. ಆದರೆ ಆಗಲೇ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾಗಿದ್ದವರ ಹೊಟ್ಟೆಪಾಡು ಕಾಯ್ದೆಯಿಂದ ನೀಗಲಿಲ್ಲ.

ಸರ್ಕಾರ, ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಸೋಂಕು ತಡೆಯಲು ಕೈಜೋಡಿಸಿದವು. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡ ಹೆಸರು ‘ಚೈತನ್ಯ ಏಡ್ಸ್ ತಡೆಗಟ್ಟುವ ಮಹಿಳಾ ಸಂಘ’. ಊರು ಯಾರನ್ನು ದೂರವಿಟ್ಟಿತ್ತೋ, ಲೈಂಗಿಕ ವೃತ್ತಿಯ ಅದೇ ಹೆಂಗಸರು ಕಟ್ಟಿ ನಡೆಸಿದ ಸಂಘ ಅದು. ಡಾಕ್ಟರು ಹೇಳಿದರೆ ಹೆದರಿ ಬಾಗಿಲು ಹಾಕಿಕೊಳ್ಳುವವಳೂ, ತನ್ನಂಥವಳೇ ಬಂದು “ಬಾರವ್ವಾ, ನಾನೂ ಬರ್ತೀನಿ” ಎಂದರೆ ಪರೀಕ್ಷೆಗೆ ಹೊರಡುತ್ತಾಳೆ. ಆ ನಂಬಿಕೆಯನ್ನು ಯಾವ ಇಲಾಖೆಯೂ ಮಂಜೂರು ಮಾಡಲಾರದು.

ಮುಂದೆ ಸಂಘ, ಟ್ರಸ್ಟಿನ ಜೊತೆಗೂಡಿ ಜಿಲ್ಲೆಯ ಹಳ್ಳಿಗಳಲ್ಲಿ ಈ ಹೆಂಗಸರು ತಿನ್ನುವ ಹೊಡೆತ, ಬಡಿತದ ವಿಷಯಕ್ಕೂ ಕೈಹಾಕಿತು. ಪೆಟ್ಟು ತಿನ್ನುವವಳು ಕಾಂಡೋಮ್ ಬಳಸೆಂದು ಗಂಡಸಿಗೆ ಹೇಳುವುದಾದರೂ ಹೇಗೆ?

ಇಂದು ಸರ್ಕಾರಿ ಆಸ್ಪತ್ರೆಗಳ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ (ಐಸಿಟಿಸಿ) ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟೂ ಹೊರಬೀಳದು. ಸೋಂಕನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಯೂ ಉಚಿತ. ಮಾಹಿತಿ ಬೇಕಾದವರು ಸಹಾಯವಾಣಿ 1097ಕ್ಕೆ ಕರೆ ಮಾಡಬಹುದು.