ಯಾವ ಕಾಯಿಲೆಗೆ ಯಾವ ಬಾಗಿಲು?

(ಗಿರಣಿ ಕಾರ್ಮಿಕರ ಮತ್ತು ಚಿಲ್ಲರೆ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಮನೆಯಲ್ಲಿ ಕಾಯಿಲೆ ಬಂದರೆ ನಾವು ಮೊದಲು ಕೇಳುವುದು, "ಯಾವ ಡಾಕ್ಟರ ಕೈಗುಣ ಚೆನ್ನಾಗಿದೆ?" ಎಂದು. ಈ ಕಾಯಿಲೆಗೆ ಯಾವ ಬಾಗಿಲು ತಟ್ಟಬೇಕು, ಅಲ್ಲಿ ನಮಗಿರುವ ಹಕ್ಕೇನು ಎಂದು ಕೇಳುವವರು ಕಡಿಮೆ. ಅದರಿಂದಲೇ ನೆಗಡಿ ಜ್ವರಕ್ಕೆ ದೊಡ್ಡ ನರ್ಸಿಂಗ್ ಹೋಮಿಗೆ ಹೋಗಿ ವಾರದ ದುಡಿಮೆ ಸುರಿಯುತ್ತೇವೆ. ಎದೆನೋವು ಬಂದರೆ ಮಾತ್ರ ವಾಯು ಇರಬೇಕೆಂದು ಸೋಡಾ ಕುಡಿದು ಮಲಗುತ್ತೇವೆ.

ಎದೆ ಹಿಂಡಿ ಬೆವರು ಕಿತ್ತರೆ, ಮುಖ ಸೊಟ್ಟಗಾಗಿ ಮಾತು ತೊದಲಿದರೆ, ಹಾವು ಕಚ್ಚಿದರೆ, ಯಂತ್ರಕ್ಕೆ ಕೈ ಸಿಕ್ಕಿದರೆ, ಸಣ್ಣ ಕ್ಲಿನಿಕ್ಕಿನ ಮುಂದೆ ಸರದಿ ಕಾಯಬೇಡಿ. 108ಕ್ಕೆ ಫೋನು ಮಾಡಿ. ಆ ಗಾಡಿಗೆ ಬಾಡಿಗೆಯಿಲ್ಲ. ಇಂಥ ಹೊತ್ತಿನಲ್ಲಿ ಜೀವ ಉಳಿಸಲು ಯತ್ನಿಸುವುದು ಸರ್ಕಾರಿ, ಖಾಸಗಿ ಎನ್ನದೆ ಪ್ರತಿ ವೈದ್ಯನ ಕರ್ತವ್ಯವೆಂದು ಸುಪ್ರೀಂ ಕೋರ್ಟು 1989ರಲ್ಲೇ ತೀರ್ಪು ಕೊಟ್ಟಿದೆ. ಮುಂಗಡ ಕಟ್ಟದೆ ಮುಟ್ಟುವುದಿಲ್ಲ ಎನ್ನುವವರಿಗೆ ಇದನ್ನು ನೆನಪು ಮಾಡಿಕೊಡಿ.

ಕೆಮ್ಮು ಎರಡು ವಾರ ದಾಟಿದರೆ ಅಂಗಡಿಯ ಔಷಧಿ ಸಾಕು ಮಾಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆಗೆ ಹಣವಿಲ್ಲ; ಕ್ಷಯವೆಂದಾದರೆ ಔಷಧಿಗೂ ಹಣವಿಲ್ಲ. ಹತ್ತಿ ಗಿರಣಿಯವರಿಗೆ ಇನ್ನೊಂದು ಮಾತು. ವಾರದ ರಜೆ ಮುಗಿಸಿ ಬಂದ ಮೊದಲ ದಿನವೇ ಎದೆ ಬಿಗಿಯುತ್ತದೆಯೇ? ಅದು ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಇರಬಹುದು. ಕಾನೂನಿನ ಪಟ್ಟಿಯಲ್ಲಿ ಅದು ಕಸುಬಿನ ರೋಗ. ಎಷ್ಟು ವರ್ಷದಿಂದ ಯಾವ ಖಾತೆಯಲ್ಲಿ ದುಡಿಯುತ್ತಿದ್ದೀರಿ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಇನ್ನು ಇ.ಎಸ್.ಐ. 1952ರ ಫೆಬ್ರವರಿ 24ರಂದು ಕಾನ್ಪುರ, ದೆಹಲಿಗಳಲ್ಲಿ ಆರಂಭವಾದ ಈ ಯೋಜನೆಯನ್ನು ನಮ್ಮವರು ಇನ್ನೂ ಧರ್ಮದ ಆಸ್ಪತ್ರೆ ಎಂದುಕೊಂಡಿದ್ದಾರೆ. ಮೇಷ್ಟ್ರಾಗಿದ್ದವನು ನಾನು, ಲೆಕ್ಕ ಹಾಕಿ ತೋರಿಸುತ್ತೇನೆ. 2019ರ ಜುಲೈಯಿಂದ ವಂತಿಗೆ ಕಾರ್ಮಿಕನದು ಸಂಬಳದ ನೂರಕ್ಕೆ 75 ಪೈಸೆ, ಮಾಲೀಕನದು 3 ರೂಪಾಯಿ 25 ಪೈಸೆ. ಸಂಬಳ 15,000 ರೂಪಾಯಿಯಾದರೆ ನಿಮ್ಮದು 112 ರೂಪಾಯಿ 50 ಪೈಸೆ, ಮಾಲೀಕನದು 487 ರೂಪಾಯಿ 50 ಪೈಸೆ. ತಿಂಗಳಿಗೆ 600, ವರ್ಷಕ್ಕೆ 7,200. ಇದು ನಿಮ್ಮ ದುಡಿಮೆಯ ಹಣ. ಇದನ್ನು ಕಟ್ಟಿಯೂ ಸಾಲ ಮಾಡಿ ಬೇರೆ ಕಡೆ ಹೋಗುವುದು ಯಾವ ಜಾಣತನ?

ರೋಗದ ರಜೆಯಲ್ಲಿ ಸಂಬಳದ ನೂರಕ್ಕೆ 70ರಂತೆ ವರ್ಷಕ್ಕೆ 91 ದಿನದವರೆಗೆ ಭತ್ಯವುಂಟು. ಅದಕ್ಕೆ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಸಂದಿರಬೇಕು. ಆದ್ದರಿಂದ ಕಂತ್ರಾಟುದಾರ ನಿಮ್ಮಿಂದ ಹಿಡಿದ ಹಣ ಕಟ್ಟಿದ್ದಾನೆಯೇ, ಹೆಂಡತಿ ಮಕ್ಕಳ ಹೆಸರು ಸೇರಿದೆಯೇ ಎಂಬುದನ್ನು ಮೈಯಲ್ಲಿ ಶಕ್ತಿಯಿರುವಾಗಲೇ ನೋಡಿಕೊಳ್ಳಿ. ಹಾಸಿಗೆ ಹಿಡಿದ ಮೇಲೆ ಕಚೇರಿ ಅಲೆಯಲಾಗದು.

ಒಬ್ಬಂಟಿಯಾಗಿ ಅಂಗಡಿ ನಡೆಸುವ ವರ್ತಕರಿಗೆ ಈ ವಿಮೆಯಿಲ್ಲ. ಅವರಿಗಿರುವುದು 2018ರಲ್ಲಿ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಎ.ಪಿ.ಎಲ್.ನವರಿಗೆ ನಿಗದಿಯಾದ ದರದ ನೂರಕ್ಕೆ 30 ಭಾಗ, ಒಂದೂವರೆ ಲಕ್ಷದವರೆಗೆ. ಆದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಅವರು ಶಿಫಾರಸು ಪತ್ರ ಕೊಡುತ್ತಾರೆ. ತುರ್ತು ಸಂದರ್ಭ ಬಿಟ್ಟರೆ, ಪತ್ರವಿಲ್ಲದೆ ಖಾಸಗಿ ಆಸ್ಪತ್ರೆ ಸೇರಿದವರ ಬಿಲ್ಲು ಅವರ ತಲೆಯ ಮೇಲೆಯೇ ಬೀಳುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಬಡಾವಣೆಯ ಆರೋಗ್ಯ ಕೇಂದ್ರವೇ ಸಾಕು. ಹೊರಗೆ ಮಾತ್ರೆ ಕೊಳ್ಳುವುದಾದರೆ ಅದೇ ಔಷಧಿ ಜನೌಷಧಿ ಅಂಗಡಿಯಲ್ಲಿದೆಯೇ ಎಂದು ಕೇಳಿ. ಅಲ್ಲಿ ಬೆಲೆ ಕಡಿಮೆ.

"ಅಲ್ಲಿ ಡಾಕ್ಟರಿಲ್ಲ, ಔಷಧಿಯಿಲ್ಲ" ಎನ್ನುತ್ತೀರಿ. ಕೆಲವೆಡೆ ನಿಜ. ಆದರೆ ಕೈಯಲ್ಲಿ ಕಾಸಿರುವವರೆಲ್ಲ ಆ ಬಾಗಿಲು ಬಿಟ್ಟು ಹೋದರೆ ಉಳಿಯುವವರು ಕೇಳಲು ಬಾಯಿಲ್ಲದವರು. ಯಾವ ದಿನ ಡಾಕ್ಟರಿರಲಿಲ್ಲ, ಯಾವ ಮಾತ್ರೆ ಸಿಗಲಿಲ್ಲ ಎಂದು ಬರೆದಿಡಿ. ಹತ್ತು ಜನ ಸಹಿ ಹಾಕಿ ಅರ್ಜಿ ಕೊಡಿ. ಕೊಟ್ಟದ್ದಕ್ಕೆ ರಶೀದಿ ಪಡೆಯಿರಿ. ಒಬ್ಬನ ಗೊಣಗಾಟ ಗೇಟಿನಲ್ಲೇ ನಿಲ್ಲುತ್ತದೆ. ಹತ್ತು ಸಹಿಗಳಿಗೆ ಅಧಿಕಾರಿ ಉತ್ತರ ಕೊಡಬೇಕಾಗುತ್ತದೆ.