ಸೇವಾ ಸಂಘವೂ ಮರುಭೇಟಿಯೂ

(ಧಾರವಾಡ ಸೀಮೆಯ ಒಂದು ಪಟ್ಟಣದ ಸೇವಾ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ವರ್ಷದ ವರದಿಯನ್ನು ಕಾರ್ಯದರ್ಶಿಗಳು ಈಗತಾನೇ ಓದಿದರು. ನೇತ್ರ ಶಿಬಿರ, ರಕ್ತದಾನ ಶಿಬಿರ, ಶಾಲೆಗಳಿಗೆ ನೀರು ಶುದ್ಧಮಾಡುವ ಯಂತ್ರಗಳು, ಬಡ ವಿದ್ಯಾರ್ಥಿಗಳಿಗೆ ಪಾಟಿ ಪುಸ್ತಕ, ರಸ್ತೆಯ ಇಕ್ಕೆಲಗಳಲ್ಲಿ ಸಸಿ, ಹೀಗೆ ಆ ವರದಿಯು ಎಂಟು ಪುಟಗಳಷ್ಟು ಬೆಳೆದಿರುವುದು. ಸಭೆಯಲ್ಲಿ ಚಪ್ಪಾಳೆಯಾಯಿತು, ನಾವೂ ತಟ್ಟಿದೆವು. ಆದರೆ ವಕೀಲಿ ವೃತ್ತಿಯಲ್ಲಿ ಇಪ್ಪತ್ತು ವರ್ಷ ಸವೆಸಿದವರಿಗೆ ಒಂದು ದುರಭ್ಯಾಸವು ಅಂಟಿಕೊಂಡಿರುತ್ತದೆ. ಸಾಕ್ಷಿದಾರನು ತನ್ನ ಹೇಳಿಕೆಯನ್ನು ಎಷ್ಟು ಸೊಗಸಾಗಿ ಹೇಳಿ ಮುಗಿಸಿದರೂ ಪಾಟೀಸವಾಲಿಗೆ ಎದ್ದು ನಿಲ್ಲದೆ ಇರಲಾರೆವು. ಈ ದಿನ ಕಟಕಟೆಯಲ್ಲಿ ನಿಂತಿರುವವರೂ ನಾವೇ, ಸವಾಲು ಹಾಕುವವರೂ ನಾವೇ ಆಗಿರುವುದರಿಂದ ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬಾರದೆಂದು ಮೊದಲೇ ಬಿನ್ನವಿಸುವೆವು. ಸವಾಲು ಒಂದೇ: ಕೊಟ್ಟ ಮೇಲೆ ಮತ್ತೊಮ್ಮೆ ಹೋಗಿ ನೋಡಿದಿರಾ?

ಈ ಸವಾಲು ಹುಟ್ಟಿದ ಬಗೆಯನ್ನು ಹೇಳಬೇಕು. ಕಳೆದ ಮಾಘ ಮಾಸದಲ್ಲಿ ಒಂದು ಜಮೀನಿನ ತಕರಾರಿಗಾಗಿ ಸ್ಥಳ ನೋಡಲು ನಾವು ಸಮೀಪದ ಒಂದು ಹಳ್ಳಿಗೆ ಹೋಗಿದ್ದೆವು. ಬಿಸಿಲಿಗೆ ಬಾಯಾರಿತು. ಅಲ್ಲಿಯ ಶಾಲೆಗೆ ನಮ್ಮ ಸಂಘವೇ ನೀರಿನ ಯಂತ್ರವನ್ನು ಕೊಟ್ಟುದು ನೆನಪಾಗಿ, ಸ್ವಲ್ಪ ಅಭಿಮಾನದಿಂದಲೇ ಒಳಗೆ ಹೊಕ್ಕೆವು. ಯಂತ್ರವೇನೋ ಇದ್ದಿತು. ಅದಕ್ಕೆ ಹಳೆಯ ಪರದೆಯ ಬಟ್ಟೆಯನ್ನು ಸುತ್ತಿ ಹುರಿಯಿಂದ ಬಿಗಿದಿದ್ದರು. ಮಕ್ಕಳು ಹಿಂದಿನಂತೆಯೇ ಕೈಪಂಪಿಗೆ ಬೊಗಸೆಯೊಡ್ಡಿ ನಿಂತಿದ್ದವು. ನೀರು ಸೋಸುವ ಕೊಳವೆಯು ಕಟ್ಟಿಕೊಂಡು ಎಂಟು ತಿಂಗಳಾಗಿತ್ತಂತೆ. ನಮ್ಮ ಸಂಘದ ಹೆಸರನ್ನು ಕೆತ್ತಿದ ಫಲಕ ಮಾತ್ರ ಒರೆಸಿ ಒರೆಸಿ ಥಳಥಳಿಸುತ್ತಿದ್ದಿತು. ಏಕೆ ತಿಳಿಸಲಿಲ್ಲವೆಂದು ಮುಖ್ಯೋಪಾಧ್ಯಾಯರನ್ನು ಕೇಳಿದೆವು. ಆ ವೃದ್ಧರು ಸಂಕೋಚದಿಂದ ಕೈ ಹೊಸೆಯುತ್ತ, “ಸಾಹೇಬ್ರ, ನೀವು ದೊಡ್ಡ ಮನಸ್ಸು ಮಾಡಿ ಕೊಟ್ಟೀರಿ. ಕೊಟ್ಟವರ ಮುಂದ ಹೋಗಿ ಕೆಟ್ಟೈತಿ ಅಂತ ಹ್ಯಾಂಗ ಹೇಳೂದರಿ?” ಎಂದರು.

ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಹೊಸ ಕೊಳವೆಗೆ ಬೀಳುವ ವೆಚ್ಚವು ಉದ್ಘಾಟನೆಯ ದಿನ ನಾವು ಹಾರತುರಾಯಿಗಳಿಗೆ ಸುರಿದುದರ ಅರ್ಧದಷ್ಟೂ ಇರಲಿಲ್ಲ. ತಪ್ಪು ಆ ಗುರುಗಳದಲ್ಲ. ಕೊಡುವವನು ವೇದಿಕೆಯ ಮೇಲೆ, ಕೊಳ್ಳುವವನು ಕೆಳಗೆ ಎಂಬಂತೆ ಸಮಾರಂಭವನ್ನು ಏರ್ಪಡಿಸಿದವರು ನಾವು. ಕೆಳಗೆ ನಿಂತವನ ಬಾಯಿ ಕಟ್ಟಿತು. ವರದಿಯಲ್ಲಾದರೋ ಆ ಯಂತ್ರವು ಇಂದಿಗೂ ನೀರು ಕೊಡುತ್ತಲೇ ಇರುವುದು!

ನಮ್ಮಂಥ ಸಂಘಗಳ ಮೂಲವನ್ನು ಸ್ವಲ್ಪ ನೋಡೋಣ. 1905ರ ಫೆಬ್ರವರಿ 23ರಂದು ಅಮೇರಿಕೆಯ ಶಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬವರು ಮೂವರು ಮಿತ್ರರನ್ನು ಕೂಡಿಸಿದರು. ಅವರೂ ವಕೀಲರೇ, ಆದಕಾರಣ ನಮ್ಮ ವೃತ್ತಿಯಿಂದ ಲೋಕಕ್ಕೆ ಕೇಡೇ ಆಗಿದೆಯೆಂದು ನಗುವವರು ಇದನ್ನು ಗಮನಿಸಬೇಕು. ಸದಸ್ಯರ ಕಚೇರಿಗಳಲ್ಲಿ ಸರದಿಯಂತೆ ಕೂಡುತ್ತಿದ್ದುದರಿಂದ ಅದಕ್ಕೆ ರೋಟರಿ ಎಂಬ ಹೆಸರು ಬಂದಿತು. ಆರಂಭದಲ್ಲಿ ಸ್ನೇಹ, ಪರಸ್ಪರ ವ್ಯಾಪಾರ ಇಷ್ಟೇ ಅದರ ಉದ್ದೇಶವು. ಅವರು 1907ರಲ್ಲಿ ಕೈಹಾಕಿದ ಮೊದಲನೆಯ ಲೋಕಸೇವೆ ಯಾವುದೆಂದು ಬಲ್ಲಿರಾ? ಊರಿಗೆ ಸಾರ್ವಜನಿಕ ಶೌಚಗೃಹವನ್ನು ಮಾಡಿಸಿಕೊಡುವುದು. ಕಮಾನಲ್ಲ, ಪ್ರತಿಮೆಯಲ್ಲ, ಶೌಚಗೃಹ. ಇದನ್ನೇಕೆ ಹೇಳಿದೆವೆಂಬುದು ಮುಂದೆ ತಿಳಿಯುವುದು. ಹೆಂಗಸರನ್ನು ಮಾತ್ರ ಈ ರೋಟರಿಯು ಬಹುಕಾಲ ಹೊರಗೇ ಇಟ್ಟಿತು. 1987ರಲ್ಲಿ ಅಮೇರಿಕೆಯ ಸರ್ವೋಚ್ಚ ನ್ಯಾಯಾಲಯವು ಕಣ್ಣು ತೆರೆಸಿದ ಮೇಲೆ, 1989ರಲ್ಲಿ ನಿಯಮವನ್ನು ತಿದ್ದಿಕೊಂಡಿತು.

ನಮ್ಮ ನಾಡಿನಲ್ಲಿ ಅಷ್ಟು ತಡವಾಗಲಿಲ್ಲ. 1923ರ ನಾಗಪುರದ ಧ್ವಜ ಸತ್ಯಾಗ್ರಹದಿಂದ ಹಿಂದಿರುಗಿದ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ಶಿಸ್ತುಬದ್ಧವಾದ ಸ್ವಯಂಸೇವಕರ ಪಡೆಯೊಂದು ದೇಶಕ್ಕೆ ಬೇಕೆಂದು ಮನಗಂಡರು. ಅದೇ ವರ್ಷದ ಡಿಸೆಂಬರದಲ್ಲಿ ಕಾಕಿನಾಡದ ಕಾಂಗ್ರೆಸ್ ಅಧಿವೇಶನದ ಕಾಲಕ್ಕೆ ಹಿಂದುಸ್ತಾನಿ ಸೇವಾದಳವು ಹುಟ್ಟಿತು. ಇಡೀ ಹಿಂದುಸ್ತಾನದ ದಳಕ್ಕೆ ನಮ್ಮ ಹುಬ್ಬಳ್ಳಿಯೇ ತವರು! ಅದರ ಮಹಿಳಾ ಶಾಖೆಯನ್ನು ಉಮಾಬಾಯಿ ಕುಂದಾಪುರ ಅವರು ನಡೆಯಿಸಿದರು. ಮರುವರ್ಷ, 1924ರಲ್ಲಿ, ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಅಧಿವೇಶನವು ಕೂಡಿದಾಗ ಈ ದಳದ ಗಂಡಸರೂ ಹೆಂಗಸರೂ ಸೇವೆಗೆ ನಿಂತರು. ಕರ್ನಾಟಕದ ಏಕೀಕರಣ ಪರಿಷತ್ತು ಕೂಡಿದುದೂ ಅಲ್ಲಿಯೇ. 1956ರಲ್ಲಿ ಫಲಿಸಿದ ಬೀಜವದು. ಆದರೆ ಈ ದಿನ ನಾವು ನೆನೆಯುವುದು ಒಂದು ಬಾವಿಯನ್ನು. ಅಧಿವೇಶನಕ್ಕೆ ಬರುವ ಜನಸ್ತೋಮಕ್ಕೆ ನೀರಿಗಾಗಿ ಅಲ್ಲಿ ತೋಡಿದ ಬಾವಿಗೆ ಪಂಪಾ ಸರೋವರವೆಂದು ಹೆಸರಿಟ್ಟರು. ಡೇರೆಗಳನ್ನು ಕಿತ್ತರು, ಭಾಷಣಗಳು ಮುಗಿದವು. ತಿಳಕವಾಡಿಯಲ್ಲಿ ಕಾಂಗ್ರೆಸ್ ಬಾವಿಯೆಂದು ಇಂದಿಗೂ ಜನರು ಅದನ್ನು ತೋರಿಸುತ್ತಾರೆ.

ಮರುಭೇಟಿಯೆಂದರೇನೆಂಬುದನ್ನು ನಾವು ಎಲ್ಲಕ್ಕಿಂತ ಚೆನ್ನಾಗಿ ಕಲಿತುದು ಪೋಲಿಯೋ ಕೆಲಸದಲ್ಲಿ. 1985ರಲ್ಲಿ ರೋಟರಿಯು ಈ ರೋಗವನ್ನು ಭೂಮಂಡಲದಿಂದಲೇ ನೀಗಿಸಲು ಪಣತೊಟ್ಟಿತು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಮೊದಲಾದವರೊಡನೆ ಕೈಗೂಡಿಸಿತು. ಆಗ 125 ದೇಶಗಳಲ್ಲಿ ವರ್ಷಕ್ಕೆ ಸುಮಾರು 3,50,000 ಮಕ್ಕಳು ಈ ರೋಗಕ್ಕೆ ಈಡಾಗುತ್ತಿದ್ದರು. ನಮ್ಮ ದೇಶದಲ್ಲಿ 1995ರಿಂದ ಪಲ್ಸ್ ಪೋಲಿಯೋ ನಡೆಯಿತು. ಭಾನುವಾರ ಬೂತಿನಲ್ಲಿ ಕುಳಿತು ಎರಡು ಹನಿ ಹಾಕಿ, ಮಗುವಿನ ಎಡಗೈಯ ಕಿರುಬೆರಳಿಗೆ ಮಸಿ ಹಚ್ಚಿದರೆ ಅರ್ಧ ಕೆಲಸವಾದಂತೆ. ಉಳಿದರ್ಧವು ಮರುದಿನದಿಂದ. ಮನೆಮನೆಗೆ ನಡೆದು, ಮಕ್ಕಳೆಲ್ಲರಿಗೂ ಹನಿ ಬಿದ್ದಿದ್ದರೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ‘ಪಿ’ ಎಂದೂ, ಬೀಗ ಹಾಕಿದ್ದರೆ ಇಲ್ಲವೆ ಒಂದು ಮಗು ತಪ್ಪಿದ್ದರೆ ‘ಎಕ್ಸ್’ ಎಂದೂ ಬರೆಯತಕ್ಕದ್ದು. ಎಕ್ಸ್ ಬಿದ್ದ ಮನೆಗೆ ಮತ್ತೆ ಹೋಗತಕ್ಕದ್ದು. ಅದು ಪಿ ಆಗುವವರೆಗೂ ಹೋಗತಕ್ಕದ್ದು. ಕಬ್ಬಿನ ಕಟಾವಿಗೆ ಬಂದ ಗುಡಿಸಲುಗಳಿಗೆ ಸಂಜೆಯ ಹೊತ್ತಿನಲ್ಲಿ ಹೋದ ನಮ್ಮ ಸದಸ್ಯರಿಗೆ ಇದರ ಬೇಸರವೂ ಗೊತ್ತು, ರುಚಿಯೂ ಗೊತ್ತು. ಅಲ್ಲಿ ಹಾರವಿಲ್ಲ, ಫೋಟೋ ಇಲ್ಲ, ನಾಯಿಗಳು ಮಾತ್ರ ಸ್ವಾಗತಿಸುವವು!

2009ರಲ್ಲಿ ಸಹ ಭಾರತದಲ್ಲಿ 741 ಪ್ರಕರಣಗಳಾದವು. ಇಷ್ಟು ವರ್ಷ ಹನಿ ಹಾಕಿ ಫಲವೇನೆಂದು ನಮ್ಮಲ್ಲಿಯೇ ಕೆಲವರು ಕೈಚೆಲ್ಲಿದ್ದುಂಟು. ಆ ಪಟ್ಟಿಯಲ್ಲಿ ನಮ್ಮ ಹೆಸರೂ ಇದ್ದಿತೆಂದು ಒಪ್ಪಿಕೊಳ್ಳುವೆವು. 2010ರಲ್ಲಿ 42 ಆದವು. 2011ರಲ್ಲಿ ಒಂದೇ ಒಂದು, ಜನವರಿ 13ರಂದು ಬಂಗಾಳದ ಹೌರಾ ಜಿಲ್ಲೆಯ ಒಂದು ಹೆಣ್ಣು ಕೂಸು. ಅದೇ ಕೊನೆ. 2014ರ ಮಾರ್ಚ್ 27ರಂದು ನಮ್ಮ ದೇಶವು ಪೋಲಿಯೋದಿಂದ ಮುಕ್ತವಾಯಿತೆಂದು ಪ್ರಮಾಣಪತ್ರವು ದೊರೆಯಿತು. ಬೀಗ ಹಾಕಿದ ಮನೆಗೆ ಮೂರನೆಯ ಸಲ ನಡೆದವರ ಕಾಲುಗಳಿಂದ ಆದ ಕೆಲಸವಿದು.

ನೇತ್ರ ಶಿಬಿರದ ಮಾತನ್ನು ಸಂಕ್ಷೇಪವಾಗಿ ಹೇಳುವೆವು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ ಶಿಬಿರಗಳಲ್ಲಿ ಕಣ್ಣಿನ ಪೊರೆ ತೆಗೆದುದನ್ನು ಹಿರಿಯರು ಇನ್ನೂ ಕಥೆಯಾಗಿ ಹೇಳುವರು. 1968ರಲ್ಲಿ ಅವರಿಗೆ ಪದ್ಮಭೂಷಣವು ಬಂದಿತು. ಆ ಕಾಲದಲ್ಲಿ ಪೊರೆ ತೆಗೆದ ಮೇಲೆ ದಪ್ಪ ಗಾಜಿನ ಕನ್ನಡಕವಿಲ್ಲದೆ ನೋಟವಿಲ್ಲ. ಕನ್ನಡಕವು ಒಡೆದರೆ ಮುದುಕಿಯು ಪುನಃ ಕತ್ತಲೆಗೆ. ಈಗ ಕಣ್ಣೊಳಗೇ ಕೃತಕ ಮಸೂರವನ್ನು ಇಡುವುದರಿಂದ ಆ ಕಷ್ಟವು ಹೋಗಿದೆ, ಹಳ್ಳಿಯಲ್ಲಿ ತಪಾಸಣೆ ಮಾಡಿ ಶಸ್ತ್ರಕ್ರಿಯೆಯನ್ನು ಆಸ್ಪತ್ರೆಯಲ್ಲಿಯೇ ಮಾಡುವರು. ಆದರೂ ಕಣ್ಣಿಗೆ ಹನಿ ಹಾಕುವವರಾರು, ಮರುಪರೀಕ್ಷೆಗೆ ಕರೆತರುವವರಾರು? ನಮ್ಮ ಶಿಬಿರದಿಂದ ಹೋದವರಲ್ಲಿ ಮರುಪರೀಕ್ಷೆಗೆ ಎಷ್ಟು ಮಂದಿ ಬಂದರೆಂಬ ಅಂಕಿಯು ಎಂಟು ಪುಟಗಳ ವರದಿಯಲ್ಲಿ ನಮಗೆ ಕಾಣಲಿಲ್ಲ.

ರಕ್ತದಾನದ ವಿಷಯಕ್ಕೆ ಬಂದರೆ ನಮ್ಮ ತಪ್ಪು ಇನ್ನೂ ದೊಡ್ಡದು. ಹಿಂದೆ ಬಡವರು ಹೊಟ್ಟೆಪಾಡಿಗಾಗಿ ರಕ್ತವನ್ನು ಮಾರುತ್ತಿದ್ದರು. ಸರ್ವೋಚ್ಚ ನ್ಯಾಯಾಲಯವು 1996ರ ಜನವರಿಯಲ್ಲಿ ಕೊಟ್ಟ ತೀರ್ಪಿನ ಫಲವಾಗಿ 1998ರ ಜನವರಿ 1ರಿಂದ ಆ ಮಾರಾಟವು ನಿಷಿದ್ಧವಾಯಿತು. ಅಂದಿನಿಂದ ರಕ್ತನಿಧಿಗಳಿಗೆ ದಾನಿಯೇ ಆಧಾರ, ದಾನಿಗೆ ನಮ್ಮಂಥ ಸಂಘಗಳೇ ಆಧಾರ. ನಾವು ಮಾಡುತ್ತಿರುವುದೇನು? ವಾರ್ಷಿಕೋತ್ಸವದ ದಿನ ಒಂದೇ ಬಾರಿಗೆ ಇನ್ನೂರು ಜನರನ್ನು ಸಾಲಾಗಿ ಮಲಗಿಸಿ ವಿಕ್ರಮವೆಂದು ಬೀಗುವೆವು. ರಕ್ತವು ಕಣಜದ ಜೋಳವಲ್ಲ. ಕೆಂಪು ಕಣಗಳು 35ರಿಂದ 42 ದಿನಗಳವರೆಗೆ ಉಳಿಯುವುವು. ಡೆಂಗೀ ರೋಗಿಗಳಿಗೆ ಬೇಕಾಗುವ ಪ್ಲೇಟ್‌ಲೆಟ್ ಐದೇ ದಿನ. ಮೇಲಾಗಿ ಒಮ್ಮೆ ಕೊಟ್ಟ ಗಂಡಸು 90 ದಿನ, ಹೆಂಗಸು 120 ದಿನ ಮತ್ತೆ ಕೊಡುವಂತಿಲ್ಲ. ಇನ್ನೂರು ಜನರನ್ನೂ ಒಂದೇ ದಿನ ಬರಿದುಮಾಡಿದ ಊರಿನಲ್ಲಿ ಮುಂದಿನ ಮೂರು ತಿಂಗಳು ಯಾರನ್ನು ಕರೆಯುವುದು?

ಇದು ಬರಿಯ ತರ್ಕವಲ್ಲ. ಕಳೆದ ಶ್ರಾವಣದಲ್ಲಿ ಒಂದು ರಾತ್ರಿ ನಮ್ಮ ಕಕ್ಷಿದಾರನೊಬ್ಬನು ಬಾಗಿಲು ಬಡಿದನು. ಅವನ ಮಗಳಿಗೆ ಹೆರಿಗೆಯಾಗಿ ರಕ್ತಸ್ರಾವವು ನಿಲ್ಲುತ್ತಿರಲಿಲ್ಲ. ಬೇಕಾದುದು ಓ ನೆಗೆಟಿವ್. ನಾವು ಧೈರ್ಯ ಹೇಳಿ ಸಂಘದ ದಾನಿಗಳ ಪಟ್ಟಿಯನ್ನು ತೆಗೆದೆವು. ಆ ಗುಂಪಿನ ಹನ್ನೊಂದು ಹೆಸರುಗಳಿದ್ದವು. ನಾಲ್ಕು ಸಂಖ್ಯೆಗಳು ಬಳಕೆಯಲ್ಲಿರಲಿಲ್ಲ. ಇಬ್ಬರು ಊರು ಬಿಟ್ಟಿದ್ದರು. ಒಬ್ಬರು ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಪತ್ನಿಯು ನಡುರಾತ್ರಿಯಲ್ಲಿ ನಮಗೆ ಅದನ್ನು ಹೇಳಬೇಕಾಯಿತು. ಮೂವರು ನಮ್ಮ ಉತ್ಸವದಲ್ಲಿ ಕೊಟ್ಟು ತಿಂಗಳೂ ಆಗಿರಲಿಲ್ಲ. ಹನ್ನೊಂದನೆಯವರು ಒಬ್ಬ ಬಸ್ ಚಾಲಕರು. ಪಾಳಿ ಮುಗಿಸಿ ಮಲಗಿದ್ದವರು ಎದ್ದು, ಮಳೆಯಲ್ಲಿ ಸೈಕಲ್ ಮೋಟಾರಿನ ಮೇಲೆ ನಲವತ್ತು ನಿಮಿಷ ಬಂದರು. ತಾಯಿ ಉಳಿದಳು, ಕೂಸೂ ಉಳಿಯಿತು. ಹನ್ನೊಂದನೆಯ ಕರೆಯನ್ನು ಅವರು ಎತ್ತದಿದ್ದರೆ ಈ ದಿನ ನಾವು ಈ ವೇದಿಕೆಯನ್ನು ಹತ್ತುವ ಧೈರ್ಯ ಮಾಡುತ್ತಿದ್ದಿಲ್ಲ.

ಸಸಿಗಳ ಮಾತನ್ನು ಎತ್ತುವುದಿಲ್ಲ. ಜೂನ್ 5ರಂದು ನೆಟ್ಟವುಗಳನ್ನು ನೋಡಲು ಇಚ್ಛಿಸುವವರು ಆಡುಗಳನ್ನು ಕೇಳಬೇಕು.

ಇನ್ನು ಸಭೆಯ ಮುಂದಿರುವ ಠರಾವು. ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದುದರ ಸ್ಮಾರಕವಾಗಿ, ಕಾಯ್ದಿರಿಸಿದ ಹಣವನ್ನೆಲ್ಲ ತೊಡಗಿಸಿ ಊರ ಹೆಬ್ಬಾಗಿಲಿಗೆ ಸ್ವಾಗತ ಕಮಾನನ್ನು ಕಟ್ಟಿಸಬೇಕೆಂಬುದು ಅದರ ಒಕ್ಕಣೆ. ಇದನ್ನು ಮಂಡಿಸಿದ ಹಿರಿಯರು ಸ್ವಾರ್ಥಿಗಳಲ್ಲ. ಸಂಘವು ಹಸುಗೂಸಾಗಿದ್ದಾಗ ಮನೆಯ ಅಕ್ಕಿಯನ್ನು ತಂದು ಅನ್ನಸಂತರ್ಪಣೆ ಮಾಡಿದವರು. ಹೆಸರು ಕಣ್ಣಿಗೆ ಬೀಳದೆ ದೇಣಿಗೆ ಬಾರದೆಂಬ ಅವರ ವಾದದಲ್ಲಿ ಸತ್ಯಾಂಶವುಂಟು. ನಮ್ಮ ಶಾಲೆಯ ಫಲಕವನ್ನು ನೋಡಿಯೇ ಇಬ್ಬರು ವರ್ತಕರು ಹಣ ಕೊಟ್ಟುದನ್ನು ನಾವು ಬಲ್ಲೆವು. ಆದರೆ ಬಟ್ಟೆ ಸುತ್ತಿದ ಯಂತ್ರದ ಮೇಲಿನ ಫಲಕವೂ ಒಂದು ಜಾಹೀರಾತೇ. ಅದನ್ನು ದಿನವೂ ಓದುವ ನೂರಾರು ಮಕ್ಕಳು ನಾಳೆ ದೇಣಿಗೆ ಕೊಡತಕ್ಕವರು.

ಆದಕಾರಣ ನಾವು ತಿದ್ದುಪಡಿಯನ್ನು ಸೂಚಿಸುವೆವು. ಕಮಾನನ್ನು ಬಿಡತಕ್ಕದ್ದು. ಆ ಹಣವನ್ನು ನಿರ್ವಹಣಾ ನಿಧಿಯೆಂದು ಬೇರೆ ಇಟ್ಟು, ಇದುವರೆಗೆ ಕೊಟ್ಟ ಯಂತ್ರಗಳ ದುರಸ್ತಿಗೆ ಮಾತ್ರ ವೆಚ್ಚ ಮಾಡತಕ್ಕದ್ದು. ಮುಂದೆ ಕೊಡುವ ಪ್ರತಿಯೊಂದು ವಸ್ತುವಿನ ಬೆಲೆಯ ನಾಲ್ಕನೆಯ ಒಂದು ಪಾಲನ್ನು ಈ ನಿಧಿಗೆ ಸೇರಿಸತಕ್ಕದ್ದು. ಒಂದು ದೊಡ್ಡ ರಕ್ತದಾನ ಶಿಬಿರದ ಬದಲು ವರ್ಷಕ್ಕೆ ನಾಲ್ಕು ಸಣ್ಣವು. ಅವುಗಳಲ್ಲೊಂದು ತಪ್ಪದೆ ಮಳೆಗಾಲದಲ್ಲಿ, ಮತ್ತು ದಿನವನ್ನು ಗೊತ್ತುಮಾಡುವವರು ರಕ್ತನಿಧಿಯ ವೈದ್ಯರು, ನಮ್ಮ ಪಂಚಾಂಗವಲ್ಲ. ದಾನಿಗಳ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಒಬ್ಬೊಬ್ಬರಿಗೂ ಫೋನ್ ಮಾಡಿ ತಿದ್ದತಕ್ಕದ್ದು. ಈ ಕೆಲಸವನ್ನು ಇಲ್ಲಿ ಕುಳಿತಿರುವ ಕಾಲೇಜಿನ ತರುಣರು ವಹಿಸಿಕೊಳ್ಳುವರೆಂದು ಆಶಿಸುವೆವು. ವಸ್ತುವನ್ನು ಕೊಟ್ಟು ಒಂದು ವರ್ಷ ಕಳೆದು, ಅದು ನಡೆಯುತ್ತಿರುವುದನ್ನು ಕಣ್ಣಾರೆ ಕಂಡ ಮೇಲೆಯೇ ಹೆಸರಿನ ಫಲಕ. ಮುಂದಿನ ವರ್ಷದ ವರದಿಯಲ್ಲಿ ‘ಕೊಟ್ಟುದು’ ಎಂಬ ಅಂಕಣದ ಪಕ್ಕದಲ್ಲಿ ‘ಇಂದಿನ ಸ್ಥಿತಿ’ ಎಂಬ ಇನ್ನೊಂದು ಅಂಕಣವಿರಬೇಕು. ಅದರಲ್ಲಿ ಎಕ್ಸ್ ಎಂದು ಬರೆಯಲು ನಾಚಬಾರದು.

ಠರಾವು ಯಾವ ಕಡೆಗೇ ಆಗಲಿ, ಒಂದು ಕೆಲಸಕ್ಕೆ ಯಾರ ಅಪ್ಪಣೆಯೂ ಬೇಡ. ನಾವು ಯಂತ್ರಗಳನ್ನು ಕೊಟ್ಟ ಶಾಲೆಗಳು ಹದಿನಾಲ್ಕು. ಬರುವ ಭಾನುವಾರದಿಂದ ವಾರಕ್ಕೆರಡರಂತೆ ಅವನ್ನೆಲ್ಲ ನೋಡಿಬರುವೆವು. ಮೊದಲನೆಯದು ಆ ಪರದೆ ಸುತ್ತಿದ ಯಂತ್ರದ ಶಾಲೆ. ಗುರುಗಳು ಬಾಗಿಲು ತೆರೆದಿಡಲು ಒಪ್ಪಿರುವರು. ಇಬ್ಬರು ಕಿರಿಯ ವಕೀಲರು ಕಾನೂನು ನೆರವಿನ ಅರ್ಜಿಗಳನ್ನೂ ತರುವರು; 1987ರ ಅಧಿನಿಯಮದಂತೆ ಹೆಂಗಸರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಉಚಿತ ವಕೀಲರು ದೊರೆಯುವರೆಂಬುದು ಆ ಹಳ್ಳಿಯಲ್ಲಿ ಬಹಳ ಮಂದಿಗೆ ತಿಳಿಯದು. ಕೊಳವೆಯನ್ನು ಬದಲಿಸಬಲ್ಲ ಒಬ್ಬ ಕೆಲಸಗಾರರನ್ನು ಗೊತ್ತುಮಾಡಿದ್ದೇವೆ. ಜೀಪಿನಲ್ಲಿ ಇನ್ನೂ ನಾಲ್ಕು ಜನರಿಗೆ ಸ್ಥಳವಿರುವುದು. ಬರುವವರು ಮುಂಜಾನೆ ಏಳು ಗಂಟೆಗೆ ಕೋರ್ಟಿನ ಗೇಟಿನ ಬಳಿ ಬರಬೇಕು. ರೊಟ್ಟಿಯ ಬುತ್ತಿಯನ್ನು ಅವರವರೇ ತರತಕ್ಕದ್ದು.