ಅವರೆಯ ಬೇರಿನ ಗಂಟು

ಮಾಗಡಿಯ ಕೆಂಪು ಹೊಲದಲ್ಲಿ, ರಾಗಿಯ ನಡುವೆ ಅಕ್ಕಡಿ ಸಾಲಾಗಿ ಬೆಳೆದ ಅವರೆ ಗಿಡವೊಂದನ್ನು ಮಣ್ಣುಸಮೇತ ಮೆಲ್ಲಗೆ ಎತ್ತಿ ನೋಡಿ. ಬೇರಿನುದ್ದಕ್ಕೂ ಸಣ್ಣ ಸಣ್ಣ ಗಂಟುಗಳು. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಅಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತಿದೆ; ಗಿಡ ಅದಕ್ಕೆ ಸಕ್ಕರೆ ಕೊಡುತ್ತಿದೆ. ಎಂಥ ಕೊಡುಕೊಳ್ಳುವಿಕೆ!

ಈಗ ಬದುವಿನತ್ತ ತಿರುಗಿ. ಬಿಳಿ ಹೂವಿನ ಪಾರ್ಥೇನಿಯಂ, ನಮ್ಮ ಬಾಯಲ್ಲಿ ಕಾಂಗ್ರೆಸ್ ಗಿಡ. ರಾಮನಗರ, ಚನ್ನಪಟ್ಟಣ, ಕನಕಪುರದ ರಸ್ತೆಬದಿಗಳಲ್ಲೂ ಅದೇ. ಅಮೆರಿಕ ಖಂಡದ ಈ ಕಳೆ 1955ರಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಅದು ತರುವ ತುರಿಕೆ, ಉಬ್ಬಸ ನಮಗೆ ಗೊತ್ತು. ಮಣ್ಣಿನೊಳಗಿನ ಕೇಡು ಕಾಣುವುದಿಲ್ಲ. ಅದರ ಬೇರಿನಿಂದ, ಕೊಳೆತ ಎಲೆಯಿಂದ ಪಾರ್ಥೆನಿನ್‌ನಂಥ ವಿಷಗಳು ಮಣ್ಣಿಗೆ ಇಳಿಯುತ್ತವೆ. ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ಸೊರಗುತ್ತವೆ, ಬೇರಿನ ಗಂಟು ಕಡಿಮೆಯಾಗುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳು 1981ರಷ್ಟು ಹಿಂದೆಯೇ ಇದರ ಬಗ್ಗೆ ಬರೆದಿದ್ದರು.

ಬದುವಿನ ಗಿಡ ತಾನೇ ಎಂದು ಬಿಡುವುದನ್ನು ಕಂಡಾಗ ಸಂಕಟವಾಗುತ್ತದೆ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ, ಹೂ ಬಿಡುವ ಮುನ್ನ, ಕೈಗೆ ಚೀಲ ಸುತ್ತಿಕೊಂಡು ಬೇರುಸಮೇತ ಕೀಳಿ. ಪಕ್ಕದ ಸಾಲಿನಲ್ಲಿ ಅವರೆ ಬೇರಿಳಿಸುತ್ತಿದೆ.